ಲ್ಯೂಮಿನಾಲ್ ಮಂಕಾಗಿ ಬೆಳಗುತ್ತಿದೆಯೇ? ಲ್ಯಾಬಿನ ಪರಿಸ್ಥಿತಿ ಹದಕ್ಕೆ ತರುವ ಬಗೆ

ಜನವರಿ ಮುಗಿಯುತ್ತಾ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಕಾಲೇಜಿನಲ್ಲಿ ಲ್ಯೂಮಿನಾಲ್ (ಕತ್ತಲಲ್ಲಿ ನೀಲಿಯಾಗಿ ಬೆಳಗುವ ರಾಸಾಯನಿಕ) ಪ್ರದರ್ಶನ ಇಟ್ಟುಕೊಂಡಿರುತ್ತಾರೆ. ಹೋದ ವರ್ಷ ಜಗಮಗ ಎಂದಿದ್ದು ಈ ವರ್ಷ ಮಿಣುಕು ದೀಪ. ಅಥವಾ ಬೆಳಕೇನೋ ಬರುತ್ತದೆ, ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅಥವಾ ವೇಗವರ್ಧಕ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಇಲ್ಲಿ ತಾಮ್ರ) ಹಾಕುವ ಮೊದಲೇ ಬೀಕರ್ ಬೆಳಗಿಬಿಡುತ್ತದೆ. ಎಲ್ಲರ ಅನುಮಾನವೂ ಮೊದಲು ಹೋಗುವುದು ಲ್ಯೂಮಿನಾಲ್ ಪುಡಿಯ ಮೇಲೆ: "ಹಳೇ ಸ್ಟಾಕ್ ಕೊಟ್ಟಿರಬೇಕು ಸಾರ್."

ಪುಡಿಯ ತಪ್ಪು ಇರುವುದು ಅಪರೂಪ. ನನ್ನ ಅನುಮಾನದ ಪಟ್ಟಿ ಹೀಗಿದೆ: ಮೊದಲು ಪೆರಾಕ್ಸೈಡ್, ಆಮೇಲೆ ನೀರು, ಆಮೇಲೆ ಪಿಎಚ್, ಅದಾದ ಮೇಲೆ ತಾಪಮಾನ. ಲ್ಯೂಮಿನಾಲ್ ಕೊನೆಗೆ. ಇವನ್ನು ಒಂದೊಂದಾಗಿ ಹಿಡಿದು ಪರೀಕ್ಷಿಸುವುದು ಹೇಗೆ ಎಂದು ಕೆಳಗೆ ಬರೆದಿದ್ದೇನೆ. ಬಿಎಸ್ಸಿ ಪ್ರಾಜೆಕ್ಟ್ ಮಾಡುವವರಿಗೂ ಪಿಯು ಕಾಲೇಜಿನ ಲ್ಯಾಬಿನಲ್ಲಿ ಪ್ರದರ್ಶನ ನಡೆಸುವವರಿಗೂ ಇಷ್ಟು ಸಾಕು. ಹೈಸ್ಕೂಲ್ ಮಕ್ಕಳಾದರೆ ಪಕ್ಕದಲ್ಲಿ ಮೇಷ್ಟ್ರು ಇರಲೇಬೇಕು.

ಕೆಲಸಕ್ಕೆ ಇಳಿಯುವ ಮುನ್ನ ಗೊತ್ತಿರಬೇಕಾದ ಎರಡು ಮಾತು

ಕೆಮಿಲ್ಯೂಮಿನೆಸೆನ್ಸ್ ಎಂದರೆ ರಾಸಾಯನಿಕ ಕ್ರಿಯೆಯಿಂದ ನೇರವಾಗಿ ಹುಟ್ಟುವ ಬೆಳಕು. ಬಿಸಿಯಿಂದಲ್ಲ, ಬೆಂಕಿಯಿಂದಲ್ಲ. ಲ್ಯೂಮಿನಾಲ್ ಕ್ಷಾರೀಯ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ, ತನ್ನಲ್ಲಿರುವ ಮೂರು ಸಾರಜನಕ ಪರಮಾಣುಗಳಲ್ಲಿ ಎರಡನ್ನು ಕಳೆದುಕೊಂಡು, 3-ಅಮಿನೋಥ್ಯಾಲೇಟ್ ಎಂಬ ಅಯಾನು ಆಗುತ್ತದೆ. ಹುಟ್ಟುವಾಗ ಈ ಅಯಾನಿನಲ್ಲಿ ಹೆಚ್ಚುವರಿ ಶಕ್ತಿ ತುಂಬಿರುತ್ತದೆ. ಆ ಶಕ್ತಿಯನ್ನು ಅದು ಸುಮಾರು 425 ನ್ಯಾನೋಮೀಟರ್ ಅಲೆಯುದ್ದದ ನೀಲಿ ಬೆಳಕಾಗಿ ಹೊರಚೆಲ್ಲುತ್ತದೆ. ಆಲ್ಬ್ರೆಕ್ಟ್ ಎಂಬ ವಿಜ್ಞಾನಿ 1928ರಲ್ಲಿ ಈ ಬೆಳಕನ್ನು ವರದಿ ಮಾಡಿದರು. ರಕ್ತದ ಕಲೆ ಪತ್ತೆಗೆ ಇದನ್ನು ಬಳಸಬಹುದೆಂದು 1937ರಲ್ಲಿ ವಾಲ್ಟರ್ ಸ್ಪೆಕ್ಟ್ ತೋರಿಸಿದರು.

ನೀರಿನಲ್ಲಿ ಲ್ಯೂಮಿನಾಲ್‌ನ ಕ್ವಾಂಟಮ್ ಯೀಲ್ಡ್ ಶೇಕಡಾ 1ರ ಆಸುಪಾಸು. ನೂರು ಅಣು ಉರಿದರೆ ಬೆಳಕಿನ ಕಣ ಸಿಗುವುದು ಒಂದೇ ಒಂದು, ಉಳಿದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಮಿಂಚುಹುಳುವಿನಲ್ಲಿ ಇದು ಶೇಕಡಾ 40ರ ಹತ್ತಿರ. ಬರುವುದೇ ಇಷ್ಟು ಕಡಿಮೆ ಎಂದಮೇಲೆ ಪರಿಸ್ಥಿತಿ ಸ್ವಲ್ಪ ಕೆಟ್ಟರೂ ಕಣ್ಣಿಗೆ ಗೊತ್ತಾಗುತ್ತದೆ.

ಎರಡನೆಯ ಮಾತು ಇನ್ನೂ ಮುಖ್ಯ. ಹೊಳಪು ಬೇರೆ, ಬಾಳಿಕೆ ಬೇರೆ. ಬೀಕರಿನಲ್ಲಿರುವ ಲ್ಯೂಮಿನಾಲ್ ತಿಂಗಳ ಸಂಬಳದ ಹಾಗೆ: ಒಂದೇ ದಿನ ಧಾರಾಳವಾಗಿ ಖರ್ಚು ಮಾಡಬಹುದು, ಇಲ್ಲವೇ ತಿಂಗಳಿಡೀ ಎಳೆಯಬಹುದು, ಮೊತ್ತ ಹೆಚ್ಚುವುದಿಲ್ಲ. ಕ್ರಿಯೆಯ ವೇಗ ಹೆಚ್ಚಿಸಿದರೆ ಹೊಳಪು ಏರಿ ಬಾಳಿಕೆ ಇಳಿಯುತ್ತದೆ. ಆದ್ದರಿಂದ ಯಾರಾದರೂ "ಬೆಳಕು ಕಡಿಮೆ" ಎಂದಾಗ ನಾನು ಕೇಳುವುದು ಎರಡು ಪ್ರಶ್ನೆ: ಶುರುವಿನಲ್ಲೇ ಮಂಕೋ, ಬೇಗ ಆರಿಹೋಗುತ್ತದೋ? ಉತ್ತರ ಬೇರೆಯಾದರೆ ಪರಿಹಾರವೂ ಬೇರೆ.

ಬೇಕಾಗುವ ಸಾಮಾನು

ಲ್ಯೂಮಿನಾಲ್, ಸೋಡಿಯಂ ಕಾರ್ಬೊನೇಟ್, ಸೋಡಿಯಂ ಬೈಕಾರ್ಬೊನೇಟ್ (ಅಡುಗೆ ಸೋಡಾ), ಅಮೋನಿಯಂ ಕಾರ್ಬೊನೇಟ್, ಮೈಲುತುತ್ತ (ಕಾಪರ್ ಸಲ್ಫೇಟ್), ಪೊಟ್ಯಾಸಿಯಂ ಫೆರಿಸಯನೈಡ್, ಹೈಡ್ರೋಜನ್ ಪೆರಾಕ್ಸೈಡ್, ಡಿಸ್ಟಿಲ್ಡ್ ವಾಟರ್. 0.01 ಗ್ರಾಂವರೆಗೆ ತೂಗುವ ತಕ್ಕಡಿ, ಪಿಎಚ್ ಮೀಟರ್ ಅಥವಾ ಒಳ್ಳೆಯ ಪಿಎಚ್ ಪಟ್ಟಿ, ಥರ್ಮಾಮೀಟರ್, ಒಂದೇ ಅಳತೆಯ ಬೀಕರುಗಳು, ಸಿರಿಂಜ್. ಕನ್ನಡಕ, ಕೈಗವಸು, ಲ್ಯಾಬ್ ಕೋಟು ಕಡ್ಡಾಯ.

ಕೊಳ್ಳುವಾಗ ಎರಡು ಕಡೆ ಎಚ್ಚರ. ಅಂಗಡಿಯ ವಾಷಿಂಗ್ ಸೋಡಾ ಹರಳು ಹತ್ತು ಅಣು ನೀರನ್ನು ಹೊತ್ತುಕೊಂಡಿರುತ್ತದೆ. ನೀರಿಲ್ಲದ ಸೋಡಿಯಂ ಕಾರ್ಬೊನೇಟ್‌ನ ಅಣುತೂಕ 106, ಹರಳಿನದು 286. ನೀರಿಲ್ಲದ್ದರ ಲೆಕ್ಕಕ್ಕೆ ಹರಳನ್ನು ತೂಗಿದರೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಸೇರುತ್ತದೆ, ಪಿಎಚ್ ಕುಸಿಯುತ್ತದೆ. ಇನ್ನೊಂದು, ಅಡುಗೆ ಸೋಡಾ ಬದಲು ಬೇಕಿಂಗ್ ಪೌಡರ್ ತರಬೇಡಿ. ಅದರಲ್ಲಿ ಆಮ್ಲೀಯ ಲವಣವೂ ಪಿಷ್ಟವೂ ಇರುತ್ತವೆ.

ಹಂತ 1: ನೀರು

ಬೆಂಗಳೂರಿನಲ್ಲಿ ಅರ್ಧ ತೊಂದರೆ ಇಲ್ಲೇ ಶುರು. ನಲ್ಲಿಯಲ್ಲಿ ಬರುವುದು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಕಾವೇರಿ ನೀರಾದರೆ ಅದರಲ್ಲಿ ಕ್ಲೋರಿನ್ ಉಳಿದಿರುತ್ತದೆ. ಕ್ಲೋರಿನ್ ಸ್ವತಃ ಉತ್ಕರ್ಷಕ, ಅಂದರೆ ಎದುರಿನ ಅಣುವಿನಿಂದ ಎಲೆಕ್ಟ್ರಾನ್ ಕಸಿಯುವ ವಸ್ತು. ಅದು ಲ್ಯೂಮಿನಾಲನ್ನು ತಾನೇ ಬೆಳಗಿಸಿಬಿಡಬಲ್ಲದು. ಪೊಲೀಸರ ವಿಧಿವಿಜ್ಞಾನದಲ್ಲಿ ಬ್ಲೀಚಿಂಗ್ ಪೌಡರ್‌ನಿಂದ ತೊಳೆದ ನೆಲ ರಕ್ತವಿಲ್ಲದಿದ್ದರೂ ಬೆಳಗುವುದು ಇದೇ ಕಾರಣಕ್ಕೆ.

ಬೋರ್‌ವೆಲ್ ನೀರೋ, ಟ್ಯಾಂಕರ್ ನೀರೋ ಆದರೆ ಗಡಸು ಜಾಸ್ತಿ. ಕಾರ್ಬೊನೇಟ್ ಬಿದ್ದ ಕೂಡಲೇ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ಒತ್ತರಿಸಿ ದ್ರಾವಣ ಹಾಲಿನಂತಾಗುತ್ತದೆ. ಆ ಗಸಿ ಬೆಳಕನ್ನು ಚದುರಿಸುತ್ತದೆ, ಜೊತೆಗೆ ಕಾರ್ಬೊನೇಟ್ ಕಡಿಮೆಯಾಗಿ ಪಿಎಚ್ ಕೂಡ ಸರಿಯುತ್ತದೆ. ಹಳೇ ಕಬ್ಬಿಣದ ಪೈಪಿನ ಕಟ್ಟಡವಾದರೆ ತುಕ್ಕಿನ ಕಬ್ಬಿಣವೂ ಸೇರಿ ಕರೆಯದೇ ಬಂದ ವೇಗವರ್ಧಕವಾಗುತ್ತದೆ.

"ಮನೇಲಿ ಆರ್‌ಒ ಇದೆ, ಅದೇ ಸಾಕಲ್ವಾ?" ಎಂದು ಕೇಳುವವರು ಬಹಳ. ಸಾಲದು. ಈಗಿನ ಎಷ್ಟೋ ಫಿಲ್ಟರುಗಳು ಕೊನೆಯಲ್ಲಿ ಖನಿಜ ಸೇರಿಸುತ್ತವೆ, ಕೆಲವಂತೂ ಆರೋಗ್ಯದ ಹೆಸರಿನಲ್ಲಿ ತಾಮ್ರವನ್ನೇ ಬಿಡುತ್ತವೆ. ಕುಡಿಯಲು ಅದು ಹೇಗೋ ಗೊತ್ತಿಲ್ಲ, ಲ್ಯೂಮಿನಾಲ್ ಪ್ರಯೋಗಕ್ಕೆ ಮಾತ್ರ ತಾಮ್ರದ ನೀರು ಶತ್ರು. ಕಾಲೇಜಿನಲ್ಲಿ ಡಿಸ್ಟಿಲೇಶನ್ ಘಟಕವಿದ್ದರೆ ಅದರದ್ದನ್ನೇ ಬಳಸಿ. ಬ್ಯಾಟರಿ ಅಂಗಡಿಯ ಕ್ಯಾನ್ ನೀರು ಬರೀ ಪ್ರದರ್ಶನಕ್ಕೆ ನಡೆಯುತ್ತದೆ, ಅಳತೆಯ ಕೆಲಸಕ್ಕೆ ಬೇಡ.

ಗಾಜಿನ ಸಾಮಾನನ್ನು ಸಾರರಿಕ್ತ ನೈಟ್ರಿಕ್ ಆಮ್ಲದಲ್ಲಿ ಅದ್ದಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಾಡಿಸಿ. ಬ್ಲೀಚ್ ಹಾಕಿ ತೊಳೆಯಲೇಬೇಡಿ. ಅದರ ಶೇಷ ಉಳಿದರೆ ಸುಳ್ಳು ಬೆಳಕು ಬರುತ್ತದೆ ಎಂಬುದು ಒಂದು ಕಾರಣ. ಅಮೋನಿಯಂ ಲವಣದೊಂದಿಗೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಎಂಬ ವಿಷಗಾಳಿ ಹುಟ್ಟುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಹಂತ 2: ಮೂಲ ದ್ರಾವಣಗಳು

ದ್ರಾವಣ ಎ: 250 ಮಿಲಿ ನೀರಿಗೆ ಸೋಡಿಯಂ ಕಾರ್ಬೊನೇಟ್ (ನೀರಿಲ್ಲದ್ದು) 1 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 6 ಗ್ರಾಂ, ಲ್ಯೂಮಿನಾಲ್ 0.05 ಗ್ರಾಂ, ಅಮೋನಿಯಂ ಕಾರ್ಬೊನೇಟ್ 0.13 ಗ್ರಾಂ, ಕೊನೆಗೆ ಮೈಲುತುತ್ತ 0.1 ಗ್ರಾಂ. ಇದೇ ಕ್ರಮದಲ್ಲಿ ಹಾಕಿ. ಲ್ಯೂಮಿನಾಲ್ ಬರೀ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು, ಕ್ಷಾರ ಮೊದಲು ಇರಬೇಕು. ಅಮೋನಿಯಂ ಕಾರ್ಬೊನೇಟ್ ತಾಮ್ರವನ್ನು ಹಿಡಿದು ಕರಗಿದ ಸ್ಥಿತಿಯಲ್ಲಿಡುತ್ತದೆ. ಅದನ್ನು ಮರೆತರೆ ತಾಮ್ರ ಹಸಿರು-ನೀಲಿ ಗಸಿಯಾಗಿ ತಳ ಸೇರುತ್ತದೆ. ಡಬ್ಬಿ ತೆರೆದಾಗ ಅಮೋನಿಯಾದ ಘಾಟು ಬರದಿದ್ದರೆ ಆ ಅಮೋನಿಯಂ ಕಾರ್ಬೊನೇಟ್ ಹಳತಾಗಿದೆ ಎಂದೇ ತಿಳಿಯಿರಿ.

ದ್ರಾವಣ ಬಿ: ಶೇಕಡಾ 3ರ ಪೆರಾಕ್ಸೈಡ್ 12.5 ಮಿಲಿ ತೆಗೆದು ನೀರು ಸೇರಿಸಿ 250 ಮಿಲಿ ಮಾಡಿ. ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 6ರದ್ದು, ಬಾಟಲಿಯ ಮೇಲೆ "20 ವಾಲ್ಯೂಮ್" ಎಂದು ಬರೆದಿರುತ್ತದೆ. ಅದಾದರೆ 6.25 ಮಿಲಿ ಸಾಕು. ಲ್ಯಾಬಿನ ಶೇಕಡಾ 30ರ ಪೆರಾಕ್ಸೈಡ್ ಚರ್ಮಕ್ಕೆ ತಗುಲಿದರೆ ಸುಟ್ಟು ಬೆಳ್ಳಗಾಗುತ್ತದೆ. ಅನಿವಾರ್ಯವಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ.

ಎ ದ್ರಾವಣವನ್ನು ಅಂದಂದಿಗೇ ಮಾಡಿ, ಕಂದು ಬಾಟಲಿಯಲ್ಲಿಡಿ. "ಹಿಂದಿನ ದಿನವೇ ರೆಡಿ ಮಾಡಿಟ್ಟಿದ್ವಿ" ಎಂಬ ವಾಕ್ಯ ಕೇಳಿದಾಗಲೇ ನನಗೆ ಮುಂದಿನ ಕಥೆ ಗೊತ್ತಾಗಿಬಿಡುತ್ತದೆ.

ಹಂತ 3: ಪೆರಾಕ್ಸೈಡ್‌ನ ನಿಜವಾದ ಬಲ

ಲೇಬಲ್ಲಿನಲ್ಲಿ ಶೇಕಡಾ 6 ಎಂದಿದ್ದರೂ ಒಳಗೆ ಅಷ್ಟೇ ಇದೆ ಎಂಬ ಖಾತ್ರಿಯಿಲ್ಲ. ಬಿಸಿಲು ಬೀಳುವ ಶೆಲ್ಫಿನಲ್ಲಿ, ಮುಚ್ಚಳ ತೆರೆದು ತಿಂಗಳುಗಟ್ಟಲೆ ಕೂತ ಪೆರಾಕ್ಸೈಡ್ ಸದ್ದಿಲ್ಲದೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುತ್ತದೆ. ಧೂಳು, ಲೋಹದ ಚಮಚ ಸೋಕಿದರಂತೂ ಇನ್ನೂ ಬೇಗ.

ಪರೀಕ್ಷೆ ಸುಲಭ, ಪಿಯುನಲ್ಲಿ ಮಾಡಿದ ಪರ್ಮ್ಯಾಂಗನೇಟ್ ಟೈಟ್ರೇಶನ್ನೇ. ಶಂಕು ಕುಪ್ಪಿಗೆ 20 ಮಿಲಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ, ಅದಕ್ಕೆ ಪಿಪೆಟ್‌ನಿಂದ ಸರಿಯಾಗಿ 1 ಮಿಲಿ ಪೆರಾಕ್ಸೈಡ್ ಬಿಡಿ. ಬಾಯಿಂದ ಎಳೆಯಬೇಡಿ, ಬಲ್ಬ್ ಬಳಸಿ. ಬ್ಯೂರೆಟ್‌ನಲ್ಲಿ 0.02 ಮೋಲಾರ್ ಪೊಟ್ಯಾಸಿಯಂ ಪರ್ಮ್ಯಾಂಗನೇಟ್. ಮಾಸಲು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಕೊನೆಯ ಬಿಂದು. ಈ ಬಲದ ಪರ್ಮ್ಯಾಂಗನೇಟ್ 1 ಮಿಲಿಗೆ 1.7 ಮಿಲಿಗ್ರಾಂ ಪೆರಾಕ್ಸೈಡ್ ಸಮ. ಶೇಕಡಾ 3ರದ್ದಾದರೆ 17.6 ಮಿಲಿ ಹಿಡಿಯಬೇಕು, ಶೇಕಡಾ 6ರದ್ದಾದರೆ 35 ಮಿಲಿ ದಾಟಬೇಕು. ನಿಮ್ಮ 6ರ ಬಾಟಲಿ 18 ಮಿಲಿಗೇ ಗುಲಾಬಿಯಾಯಿತೇ? ಹಾಗಾದರೆ ಅದು ಈಗ 3ರ ಬಾಟಲಿ. ಎಸೆಯುವ ಅಗತ್ಯವಿಲ್ಲ, ಲೆಕ್ಕ ಸರಿಪಡಿಸಿಕೊಂಡು ಬಳಸಿ.

ಹಾಗೆಂದು ಪೆರಾಕ್ಸೈಡ್ ಜಾಸ್ತಿ ಸುರಿದರೆ ಬೆಳಕೂ ಜಾಸ್ತಿ ಎಂದುಕೊಳ್ಳಬೇಡಿ. ಒಂದು ಮಟ್ಟದವರೆಗೆ ಹೊಳಪು ಏರುತ್ತದೆ, ಅಲ್ಲಿಂದ ಮುಂದೆ ತಾಮ್ರ ಮತ್ತು ಕ್ಷಾರ ಸೇರಿ ಹೆಚ್ಚುವರಿ ಪೆರಾಕ್ಸೈಡನ್ನು ಒಡೆದು ಗುಳ್ಳೆ ಎಬ್ಬಿಸುತ್ತವೆ. ಬೀಕರಿನಲ್ಲಿ ನೊರೆ ಕಂಡರೆ ಪೆರಾಕ್ಸೈಡ್ ಬೆಳಕು ಕೊಡದೆಯೇ ಪೋಲಾಗುತ್ತಿದೆ ಎಂದರ್ಥ.

ಹಂತ 4: ಕತ್ತಲೆ ಮತ್ತು ಅಳತೆ

ಕಿಟಕಿಗೆ ಕರಿ ಬಟ್ಟೆ ಕಟ್ಟಿದರೆ ಸಾಲದು, ಬಾಗಿಲ ಕೆಳಗಿನ ಸಂದಿ, ಸ್ವಿಚ್‌ಬೋರ್ಡಿನ ಕೆಂಪು ದೀಪ, ಯುಪಿಎಸ್‌ನ ಹಸಿರು ಚುಕ್ಕಿ ಇವನ್ನೂ ಟೇಪ್ ಹಾಕಿ ಮುಚ್ಚಿ. ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20–30 ನಿಮಿಷ ಬೇಕು. ಪ್ರೇಕ್ಷಕರನ್ನು ಅಷ್ಟು ಹೊತ್ತು ಕೂರಿಸಲಾಗದು ನಿಜ, ಐದು ಹತ್ತು ನಿಮಿಷವಾದರೂ ದೀಪ ಆರಿಸಿ ವಿವರಣೆ ಕೊಡಿ. ಯಾರೋ ಒಬ್ಬರು ಮೊಬೈಲ್ ತೆಗೆದರೆ ಎಲ್ಲ ಮೊದಲಿನಿಂದ.

ಕಣ್ಣಂದಾಜು ಪ್ರದರ್ಶನಕ್ಕೆ ಸರಿ, ಹೋಲಿಕೆಗೆ ಅಲ್ಲ. ಹೋಲಿಕೆಗೆ ಮೊಬೈಲ್ ಕ್ಯಾಮೆರಾ ಆಗುತ್ತದೆ, ಒಂದು ಷರತ್ತಿನ ಮೇಲೆ: ಪ್ರೊ ಮೋಡ್‌ನಲ್ಲಿ ಐಎಸ್‌ಒ, ಶಟರ್ ಸಮಯ, ಫೋಕಸ್, ವೈಟ್ ಬ್ಯಾಲೆನ್ಸ್ ನಾಲ್ಕನ್ನೂ ಲಾಕ್ ಮಾಡಿ, ಸ್ಟ್ಯಾಂಡಿಗೆ ಸಿಕ್ಕಿಸಿ. ಆಟೋ ಮೋಡ್‌ನಲ್ಲಿ ಬಿಟ್ಟರೆ ಮಂಕಾದ ಬೀಕರನ್ನೂ ಕ್ಯಾಮೆರಾ ತಾನೇ ಎತ್ತಿ ಬೆಳಗಿಸಿ, ಎರಡೂ ಒಂದೇ ಎಂದು ತೋರಿಸುತ್ತದೆ. ಚಿತ್ರದಲ್ಲಿ ನೀಲಿ ಬಿಳಿಯಾಗಿ ಸುಟ್ಟುಹೋದರೆ ಶಟರ್ ಸಮಯ ಇಳಿಸಿ.

ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಸೆನ್ಸರ್ ತಂದು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸುವ ಉತ್ಸಾಹಿಗಳಿಗೆ ಒಂದು ಮಾತು. ಎಲ್‌ಡಿಆರ್ ಎಂದು ಕೊಡುವ, ಬೆಳಕಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಹತ್ತಿಪ್ಪತ್ತು ರೂಪಾಯಿಯ ತುಣುಕು ಹಸಿರು-ಹಳದಿಗೆ ಚುರುಕು, ನೀಲಿಗೆ ಮಂದ. ಮಂದ ಬೆಳಕಿನಲ್ಲಿ ಅದರ ಪ್ರತಿಕ್ರಿಯೆಯೂ ನಿಧಾನ, ಹಾಗಾಗಿ ಮಿಂಚಿ ಮರೆಯಾಗುವ ಬೆಳಕಿನ ಶಿಖರವನ್ನು ಅದು ತಪ್ಪಿಸಿಬಿಡುತ್ತದೆ. ಸಾದಾ ಸಿಲಿಕಾನ್ ಫೋಟೋಡಯೋಡ್‌ನ ಒಲವು ಕೆಂಪು ಮತ್ತು ಅವಕೆಂಪಿನ ಕಡೆಗೆ. ಕೊಳ್ಳುವ ಮುಂಚೆ ಡೇಟಾಶೀಟ್‌ನಲ್ಲಿ 425 ನ್ಯಾನೋಮೀಟರ್ ಹತ್ತಿರ ಸಂವೇದನೆಯ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ನೋಡಿ. ಜನಪ್ರಿಯವಾದ ಬಿಎಚ್1750 ಮಾಡ್ಯೂಲ್ ಅರ್ಧ ಲಕ್ಸ್ (ಬೆಳಕಿನ ಪ್ರಮಾಣದ ಮಾನ), ಒಂದು ಲಕ್ಸ್ ಲೆಕ್ಕದಲ್ಲಿ ಅಳೆಯುವಂಥದ್ದು, ಈ ಮಂದ ಬೆಳಕಿಗೆ ಒರಟಾಯಿತು. ಟಿಎಸ್‌ಎಲ್2591 ವಾಸಿ. ಸೆನ್ಸರ್ ಮತ್ತು ಬೀಕರಿನ ನಡುವಿನ ದೂರ ಒಂದು ಸೆಂಟಿಮೀಟರ್ ಬದಲಾದರೂ ಅಂಕಿ ಬದಲಾಗುತ್ತದೆ, ಆದ್ದರಿಂದ ರಟ್ಟಿನ ಡಬ್ಬದೊಳಗೆ ಎರಡನ್ನೂ ಅಂಟಿಸಿಬಿಡಿ.

ಹಂತ 5: ಖಾಲಿ ಓಟ, ಮೂಲ ಓಟ

ಖಾಲಿ ಓಟ ಎಂದರೆ ಒಂದು ಘಟಕ ಬಿಟ್ಟು ಮಾಡುವ ಪರೀಕ್ಷೆ. ತಾಮ್ರ ಹಾಕದ ಎ ದ್ರಾವಣಕ್ಕೆ ಬಿ ಸೇರಿಸಿ. ತೀರಾ ಕ್ಷೀಣವಾದ ಬೆಳಕು ಸಹಜ. ಚೆನ್ನಾಗಿ ಬೆಳಗಿತೋ, ನೀರೋ ಗಾಜೋ ಕೊಳೆಯಾಗಿದೆ, ಹಂತ 1ಕ್ಕೆ ವಾಪಸ್. ಕೋಬಾಲ್ಟ್ ಅಯಾನು ಈ ಕ್ರಿಯೆಗೆ ಎಷ್ಟು ಪ್ರಬಲ ವೇಗವರ್ಧಕವೆಂದರೆ, ಹಿಂದಿನ ಬ್ಯಾಚಿನವರು ಕೋಬಾಲ್ಟ್ ಕ್ಲೋರೈಡ್ ಬಳಸಿ ಸರಿಯಾಗಿ ತೊಳೆಯದ ಬೀಕರ್ ಒಂದೇ ಸಾಕು, ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಮೂಲ ಓಟ: 50 ಮಿಲಿ ಎ ಇರುವ ಬೀಕರಿಗೆ 50 ಮಿಲಿ ಬಿ. ಬೆರೆಸುವ ರೀತಿ ಪ್ರತಿ ಸಲವೂ ಒಂದೇ ಇರಲಿ. ಮ್ಯಾಗ್ನೆಟಿಕ್ ಸ್ಟಿರರ್ ಇದ್ದರೆ ಅದೇ ವೇಗದಲ್ಲಿ, ಇಲ್ಲದಿದ್ದರೆ ಸಿರಿಂಜಿನಿಂದ ಒಂದೇ ಎತ್ತರದಿಂದ, ಒಂದೇ ರಭಸದಲ್ಲಿ. ಮೊದಲ ಕ್ಷಣಗಳ ಹೊಳಪು ಎಷ್ಟು ಬೇಗ ಬೆರೆಯುತ್ತದೆ ಎಂಬುದರ ಮೇಲೇ ನಿಂತಿದೆ. ಇದನ್ನು ಮೂರು ಸಲ ಮಾಡಿ. ಮೂರೂ ಹತ್ತಿರ ಹತ್ತಿರ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಇಲ್ಲಿಂದ ಮುಂದೆ ಒಂದೇ ನಿಯಮ: ಒಮ್ಮೆಗೆ ಒಂದನ್ನೇ ಬದಲಿಸಿ.

ಹಂತ 6: ಪಿಎಚ್

ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬುದರ ಅಳತೆ ಪಿಎಚ್. ಆಮ್ಲೀಯ ದ್ರಾವಣದಲ್ಲಿ ಲ್ಯೂಮಿನಾಲ್ ಬೆಳಗುವುದಿಲ್ಲ. ಕ್ಷಾರದಲ್ಲಿ ಅದು ಪ್ರೋಟಾನ್ ಬಿಟ್ಟುಕೊಟ್ಟು ಅಯಾನಾದ ಮೇಲಷ್ಟೇ ಕ್ರಿಯೆ ಓಡುತ್ತದೆ. ಫೆರಿಸಯನೈಡ್‌ನಂಥ ಜೊತೆಗಾರರೊಂದಿಗೆ ಒಳ್ಳೆಯ ಬೆಳಕು ಸಿಗುವುದು ಪಿಎಚ್ 10–11ರ ನಡುವೆ. ಜೀವವಿಜ್ಞಾನದವರು ಬಳಸುವ ಪೆರಾಕ್ಸಿಡೇಸ್ ಕಿಣ್ವವಾದರೆ 8–9ರಲ್ಲೇ ಕೆಲಸ, ಅದಕ್ಕಿಂತ ಕ್ಷಾರವಾದರೆ ಕಿಣ್ವವೇ ಸೋಲುತ್ತದೆ. ಹಾಗಾಗಿ "ಲ್ಯೂಮಿನಾಲ್‌ಗೆ ಸರಿಯಾದ ಪಿಎಚ್ ಎಷ್ಟು?" ಎಂಬ ಪ್ರಶ್ನೆಗೆ ವೇಗವರ್ಧಕ ಯಾವುದೆಂದು ಹೇಳದೆ ಉತ್ತರವಿಲ್ಲ.

ಪರೀಕ್ಷೆಗೆ ಬಫರ್ ಬೇಕು. ಸ್ವಲ್ಪ ಆಮ್ಲವೋ ಕ್ಷಾರವೋ ಸೇರಿದರೂ ಪಿಎಚ್ ಅಲುಗಾಡದಂತೆ ಹಿಡಿದಿಡುವ ದ್ರಾವಣವೇ ಬಫರ್. ಲೀಟರಿಗೆ 10.6 ಗ್ರಾಂ ಸೋಡಿಯಂ ಕಾರ್ಬೊನೇಟ್ ಒಂದು ಬಾಟಲಿ, ಲೀಟರಿಗೆ 8.4 ಗ್ರಾಂ ಬೈಕಾರ್ಬೊನೇಟ್ ಇನ್ನೊಂದು. ಎರಡೂ 0.1 ಮೋಲಾರ್. 10 ಮಿಲಿ ಕಾರ್ಬೊನೇಟ್‌ಗೆ 90 ಮಿಲಿ ಬೈಕಾರ್ಬೊನೇಟ್ ಸೇರಿಸಿದರೆ ಪಿಎಚ್ 9.2ರ ಸುತ್ತ, 50ಕ್ಕೆ 50 ಆದರೆ 9.9ರ ಸುತ್ತ, 90ಕ್ಕೆ 10 ಆದರೆ 10.8ರ ಸುತ್ತ ಬರುತ್ತದೆ. ಪ್ರತಿಯೊಂದರ 100 ಮಿಲಿಗೆ 0.02 ಗ್ರಾಂ ಲ್ಯೂಮಿನಾಲ್ ಕರಗಿಸಿ.

ಈ ಸರಣಿಗೆ ತಾಮ್ರ ಬೇಡ, ಅದರ ಜೊತೆ ಬರುವ ಅಮೋನಿಯಂ ಲವಣ ಪಿಎಚ್ ಅನ್ನು ಎಳೆದಾಡುತ್ತದೆ. ಬದಲಿಗೆ 100 ಮಿಲಿ ನೀರಿಗೆ 0.33 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಕರಗಿಸಿ, ಬೆರೆಸುವ ಸ್ವಲ್ಪ ಮುಂಚೆ 50 ಮಿಲಿ ಬಿ ದ್ರಾವಣಕ್ಕೆ ಅದರ 5 ಮಿಲಿ ಸೇರಿಸಿ. ನಂತರ ಅದನ್ನು 50 ಮಿಲಿ ಬಫರ್-ಲ್ಯೂಮಿನಾಲ್‌ಗೆ ಸುರಿಯಿರಿ. ಬೆಳಕು ಆರಿದ ಮೇಲೆ ಪಿಎಚ್ ಮತ್ತೊಮ್ಮೆ ನೋಡಿ ಬರೆದುಕೊಳ್ಳಿ, ಶುರುವಿನದ್ದಷ್ಟೇ ಬರೆದರೆ ಅರ್ಧ ಸತ್ಯ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ವಿಟಮಿನ್ ಸಿ ಹಾಕಿದರೆ ಬೆಳಕು ಆರುತ್ತದೆ ಎಂದು ತೋರಿಸಲು ನಿಂಬೆಹಣ್ಣು ಹಿಂಡುತ್ತಾರೆ. ಬೆಳಕು ಆರುತ್ತದೆ, ಸರಿ. ಆರಿಸಿದ್ದು ವಿಟಮಿನ್ ಸಿಯೋ, ನಿಂಬೆಯ ಹುಳಿ ಪಿಎಚ್ ಇಳಿಸಿದ್ದೋ? ಸೋಡಿಯಂ ಆಸ್ಕಾರ್ಬೇಟ್ ಬಳಸಿ, ಅಥವಾ ಅಷ್ಟೇ ಹುಳಿಯ ಸಿಟ್ರಿಕ್ ಆಮ್ಲವನ್ನು ಪಕ್ಕದಲ್ಲಿ ಇಟ್ಟು ಹೋಲಿಸಿ.

ಹಂತ 7: ತಾಪಮಾನ

ಡಿಸೆಂಬರ್ ಬೆಳಗ್ಗೆ ನಮ್ಮ ಊರಿನ ಲ್ಯಾಬು 16–18 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 33–34. ಎಷ್ಟೋ ಕ್ರಿಯೆಗಳ ವೇಗ 10 ಡಿಗ್ರಿಗೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬ ಒರಟು ಲೆಕ್ಕ ಹಿಡಿದರೂ ಈ ಎರಡು ಹೊತ್ತಿನ ನಡುವೆ ವೇಗ ಸುಮಾರು ಮೂರು ಪಟ್ಟು. "ಬೆಂಗಳೂರು ಹವಾ, ಏನೂ ವ್ಯತ್ಯಾಸ ಆಗಲ್ಲ" ಎನ್ನುವವರು ಈ ಸಂಖ್ಯೆ ನೋಡಲಿ.

ಮಂಜುಗಡ್ಡೆ ನೀರಿನ ತಟ್ಟೆ, ಕೋಣೆಯ ಉಷ್ಣತೆ, 45 ಡಿಗ್ರಿಯ ಬಿಸಿನೀರಿನ ತಟ್ಟೆ, ಹೀಗೆ ಮೂರು ಮಾಡಿ. ಎ ಮತ್ತು ಬಿ ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕಾಲು ಗಂಟೆ ಅದೇ ತಟ್ಟೆಯಲ್ಲಿ ಇಟ್ಟು ಆಮೇಲೆ ಬೆರೆಸಿ. ಒಂದನ್ನಷ್ಟೇ ಬಿಸಿ ಮಾಡಿ ಇನ್ನೊಂದನ್ನು ತಣ್ಣಗೆ ಸುರಿದರೆ ಬೀಕರಿನ ತಾಪಮಾನ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಬರೆದುಕೊಳ್ಳುವ ಅಂಕಿಗೆ ಅರ್ಥ ಇರುವುದಿಲ್ಲ. ತಣ್ಣಗಿನದು ಮಂಕಾಗಿ ಹೆಚ್ಚು ಹೊತ್ತು, ಬಿಸಿಯದು ಜೋರಾಗಿ ಕಡಿಮೆ ಹೊತ್ತು ಬೆಳಗಬೇಕು. ಸೆನ್ಸರ್ ಅಂಕಿಗಳನ್ನು ಕಾಲದ ಎದುರು ಗ್ರಾಫ್ ಹಾಕಿ, ಗೆರೆಯ ಕೆಳಗಿನ ವಿಸ್ತೀರ್ಣ ನೋಡಿ. ಅದೇ ಒಟ್ಟು ಬೆಳಕು. ಬಿಸಿಯಲ್ಲಿ ಶಿಖರ ಎತ್ತರವಿದ್ದರೂ ವಿಸ್ತೀರ್ಣ ಕುಗ್ಗಿದ್ದರೆ ಪೆರಾಕ್ಸೈಡ್ ವ್ಯರ್ಥವಾಗಿ ಒಡೆದಿದೆಯೇ ಎಂದು ಮೊದಲು ಯೋಚಿಸಿ.

ದ್ರಾವಣ ಮಾಡದೆಯೇ ಇದನ್ನು ತೋರಿಸಬೇಕೆಂದರೆ ಒಂದೇ ಪ್ಯಾಕಿನ ಎರಡು ಗ್ಲೋ ಸ್ಟಿಕ್ ಸಾಕು. ಎರಡನ್ನೂ ಒಟ್ಟಿಗೆ ಮುರಿದು ಒಂದನ್ನು ಮಂಜುಗಡ್ಡೆ ನೀರಿಗೆ, ಇನ್ನೊಂದನ್ನು ಕೈ ತಾಳುವಷ್ಟು ಬಿಸಿನೀರಿಗೆ ಹಾಕಿ. ಒಳಗಿನ ರಸಾಯನ ಮಾತ್ರ ಬೇರೆ. ಅಲ್ಲಿ ಆಕ್ಸಲೇಟ್ ಎಸ್ಟರ್ ಮತ್ತು ಪೆರಾಕ್ಸೈಡ್ ಸೇರಿ ಹುಟ್ಟುವ ಶಕ್ತಿಯನ್ನು ಒಂದು ಬಣ್ಣದ ಅಣು ಪಡೆದು ಬೆಳಗುತ್ತದೆ. ಹಾಗಾಗಿ ಆ ಬಣ್ಣದ ಅಣು ಬದಲಿಸಿದರೆ ಬೆಳಕಿನ ವರ್ಣವೂ ಬದಲು: ಡೈಫಿನೈಲ್‌ಆಂಥ್ರಸೀನ್ ನೀಲಿ, ರುಬ್ರೀನ್ ಹಳದಿ-ಕಿತ್ತಳೆ. ಲ್ಯೂಮಿನಾಲ್ ನೀರಿನಲ್ಲಿ ಬಾಳಿದರೆ ಈ ಎಸ್ಟರಿಗೆ ನೀರೇ ಶತ್ರು, ಸೋಕಿದರೆ ಒಡೆಯುತ್ತದೆ. ಸ್ಟಿಕ್ಕನ್ನು ಕತ್ತರಿಸಬೇಡಿ, ಒಳಗೆ ಒಡೆದ ಗಾಜೂ ಥ್ಯಾಲೇಟ್ ದ್ರಾವಕವೂ ಇರುತ್ತವೆ. ಮೈಕ್ರೋವೇವ್‌ನಲ್ಲಿ ಇಡುವ ವಿಡಿಯೋಗಳನ್ನು ದಯವಿಟ್ಟು ಅನುಕರಿಸಬೇಡಿ.

ಹಂತ 8: ವೇಗವರ್ಧಕ ಎಷ್ಟು?

ತಾಮ್ರವನ್ನು ಕಾಲು ಭಾಗ, ಮೂಲ ಪ್ರಮಾಣ, ನಾಲ್ಕು ಪಟ್ಟು ಹಾಕಿ ನೋಡಿ. ನಾಲ್ಕು ಪಟ್ಟಿನದು ಫಕ್ಕನೆ ಹೊಳೆದು ಆರುತ್ತದೆ, ಗುಳ್ಳೆ ಏಳುತ್ತದೆ.

ಫೆರಿಸಯನೈಡ್‌ನದು ಇನ್ನೊಂದು ಸ್ವಾರಸ್ಯ. ಕಟ್ಟುನಿಟ್ಟಾಗಿ ಹೇಳಿದರೆ ಅದು ವೇಗವರ್ಧಕವೂ ಅಲ್ಲ, ತಾನೂ ಖರ್ಚಾಗುವ ಸಹ-ಉತ್ಕರ್ಷಕ. ಅದರ ಹಳದಿ ಬಣ್ಣಕ್ಕೆ ಕಾರಣ 420 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ಅದು ಹೀರುವುದು. ಲ್ಯೂಮಿನಾಲ್ ಕೊಡುವುದೂ ಅಲ್ಲೇ, 425. ಒಂದು ಮಿಲಿಮೋಲಾರ್ ಫೆರಿಸಯನೈಡ್ ದ್ರಾವಣದ ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಆ ನೀಲಿ ಬೆಳಕಿನ ಹತ್ತನೇ ಒಂಬತ್ತು ಭಾಗ ಇಂಗಿಹೋಗುತ್ತದೆ. "ಜಾಸ್ತಿ ಹಾಕಿದ್ರೂ ಮಂಕೇ" ಎನ್ನುವವರ ಬೀಕರನ್ನು ದೀಪದ ಬೆಳಕಿನಲ್ಲಿ ನೋಡಿ: ದ್ರಾವಣ ನಿಂಬೆ ಹಳದಿಯಾಗಿದ್ದರೆ ಕಾರಣ ಅದೇ. ದೊಡ್ಡ ಬೀಕರ್ ಬದಲು ತೆಳುವಾದ ಕೊಳವೆಯಲ್ಲಿ ಬೆರೆಸಿದರೂ ಸುಧಾರಿಸುತ್ತದೆ.

ಹಂತ 9: ನೀರಿನ ಬದಲು ಬೇರೆ ದ್ರಾವಕ

ಇದು ಬಿಎಸ್ಸಿ ಮಟ್ಟದವರಿಗೆ, ಅದೂ ಮೇಲ್ವಿಚಾರಣೆಯಲ್ಲಿ. ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ದ್ರಾವಕದಲ್ಲಿ ಲ್ಯೂಮಿನಾಲ್ ಜೊತೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಪೆರಾಕ್ಸೈಡೂ ಬೇಡ, ತಾಮ್ರವೂ ಬೇಡ. ಗಾಳಿಯ ಆಮ್ಲಜನಕವೇ ಸಾಕು. ಮುಚ್ಚಿದ ಕುಪ್ಪಿಯನ್ನು ಅಲುಗಾಡಿಸಿದಾಗ ಬೆಳಗುತ್ತದೆ, ಸುಮ್ಮನಿಟ್ಟರೆ ಮಂಕಾಗುತ್ತದೆ, ಮತ್ತೆ ಅಲುಗಾಡಿಸಿದರೆ ಮತ್ತೆ ಬೆಳಕು. ಬಣ್ಣವೂ ನೀಲಿಯಿಂದ ಹಸಿರಿನತ್ತ ವಾಲುತ್ತದೆ, ಕಾರಣ ಸುತ್ತಲಿನ ದ್ರಾವಕ ಉದ್ರಿಕ್ತ (ಹೆಚ್ಚುವರಿ ಶಕ್ತಿ ತುಂಬಿದ) ಅಯಾನಿನ ಶಕ್ತಿಮಟ್ಟವನ್ನೇ ಬದಲಿಸುತ್ತದೆ. ಡಿಎಂಎಸ್‌ಒ ಚರ್ಮದ ಮೂಲಕ ಒಳಗಿಳಿಯುತ್ತದೆ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಒಯ್ಯುತ್ತದೆ. ಕೈಗವಸು ತೂತಾಗಿದ್ದರೆ ಮುಟ್ಟಬೇಡಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಆಮ್ಲಜನಕ ಕಡಿಮೆ, ಅದರಿಂದ ಬೆಳಕು ಕಡಿಮೆಯಾಗದೇ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಪೆರಾಕ್ಸೈಡ್ ಹಾಕಿದ ನೀರಿನ ಪ್ರಯೋಗಕ್ಕೆ ಈ ಚಿಂತೆ ಬೇಡ. ಡಿಎಂಎಸ್‌ಒ ಕುಪ್ಪಿಯಲ್ಲಿ ಆಮ್ಲಜನಕ ಹತ್ತನೇ ಒಂದು ಭಾಗದಷ್ಟು ಕಡಿಮೆ ಇರಬಹುದು, ಆದರೆ ನೀವು ಕುಪ್ಪಿ ಎಷ್ಟು ಜೋರಾಗಿ ಕುಲುಕಿದಿರಿ ಎಂಬ ವ್ಯತ್ಯಾಸದ ಮುಂದೆ ಅದು ಕಾಣಿಸುವುದೇ ಇಲ್ಲ.

ಹಂತ 10: ಉಳಿದದ್ದನ್ನು ಏನು ಮಾಡುವುದು

ತಾಮ್ರವಿರುವ ದ್ರಾವಣ ಸಿಂಕಿಗೆ ಬೇಡ. ಲೇಬಲ್ ಹಚ್ಚಿದ ತ್ಯಾಜ್ಯ ಬಾಟಲಿಗೆ ಸುರಿಯಿರಿ. ಮುಚ್ಚಳ ಬಿಗಿಯಾಗಿ ತಿರುಗಿಸಬೇಡಿ, ಉಳಿದ ಪೆರಾಕ್ಸೈಡ್ ಒಡೆಯುತ್ತಾ ಗಾಳಿಯ ಒತ್ತಡ ಕಟ್ಟುತ್ತದೆ. ಒಂದು ರಾತ್ರಿ ಸಡಿಲವಾಗಿಟ್ಟು ಆಮೇಲೆ ಮುಚ್ಚಿ. ಫೆರಿಸಯನೈಡ್‌ನ ತ್ಯಾಜ್ಯ ಬೇರೆ ಬಾಟಲಿಗೆ, ಅದಕ್ಕೆ ಆಮ್ಲ ಸೋಕಬಾರದು. ಪ್ರಬಲ ಆಮ್ಲ ಮತ್ತು ಬಿಸಿ ಎರಡೂ ಸಿಕ್ಕರೆ ಅದರಿಂದ ಹೈಡ್ರೋಜನ್ ಸಯನೈಡ್ ಹೊರಬರಬಲ್ಲದು. ಡಿಎಂಎಸ್‌ಒದ್ದು ಮೂರನೇ ಬಾಟಲಿಗೆ. ಹಂತ 3ರ ಪರ್ಮ್ಯಾಂಗನೇಟ್ ಕುಪ್ಪಿಯಲ್ಲಿ ಸಲ್ಫ್ಯೂರಿಕ್ ಆಮ್ಲ ಇರುವುದರಿಂದ ಅದನ್ನು ಇವುಗಳ ಪಕ್ಕದಲ್ಲೂ ಇಡಬೇಡಿ, ಅಡುಗೆ ಸೋಡಾ ಹಾಕಿ ನೊರೆ ನಿಂತ ಮೇಲೆ ಬೇರೆಯಾಗಿ ವಿಲೇವಾರಿ ಮಾಡಿ.